ಕಾಲೇಜಿನ ತರಗತಿಯಲ್ಲಿಯ ಮೌನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರುಗಳ ಕಾಲೇಜುಗಳ ಪಡಸಾಲೆಯಲ್ಲಿ ಪಾಠದ ಹೊತ್ತಿಗೆ ನಡೆದು ಹೋದರೆ ಬಹುತೇಕ ಒಂದೇ ಧ್ವನಿ ಕೇಳಿಬರುತ್ತದೆ. ಅದು ಅಧ್ಯಾಪಕರದು. ವಿದ್ಯಾರ್ಥಿಗಳ ಧ್ವನಿ ಹಾಜರಿಯ ಹೊತ್ತಿಗೆ ಒಮ್ಮೆ ಎದ್ದು ಮತ್ತೆ ಅಡಗುತ್ತದೆ. ಇದನ್ನು ಶಿಸ್ತೆಂದು ಹೊಗಳುವವರುಂಟು. ನಾವು ಮಾತ್ರ ಹಾಗೆ ಎಣಿಸಲಾರೆವು. ಪ್ರಶ್ನೆಯೇ ಹುಟ್ಟದ ಕೋಣೆಯಲ್ಲಿ ವಿದ್ಯೆ ಹುಟ್ಟಿತೆಂದು ನಂಬುವುದು ಕಷ್ಟ.

ಈಚೆಗೆ ಇಂಥದೊಂದು ತರಗತಿಯ ಹಿಂದಿನ ಬಾಕಿನ ಮೇಲೆ ಒಂದು ತಾಸು ಕುಳಿತುಕೊಳ್ಳುವ ಪ್ರಸಂಗ ನಮಗೆ ಬಂದಿತು. ಕಾಲೇಜಿನ ಹೆಸರು ಇಲ್ಲಿ ಅಪ್ರಸ್ತುತ. ವಿಷಯವು ಅರ್ಥಶಾಸ್ತ್ರ, ಅಧ್ಯಾಪಕರು ಸಜ್ಜನರು, ತಮ್ಮ ಶಾಸ್ತ್ರವನ್ನು ಬಲ್ಲವರು. ಅವರು ನಲವತ್ತು ನಿಮಿಷ ಟಿಪ್ಪಣಿ ಬರೆಯಿಸಿ, ಕೊನೆಗೆ "ತಿಳೀತೇನ್ರಪಾ?" ಎಂದು ಕೇಳಿದರು. "ಹೂಂ ರೀ ಸರ್" ಎಂದು ಇಡಿಯ ತರಗತಿಯು ಒಮ್ಮೆಲೆ ಉತ್ತರ ಕೊಟ್ಟಿತು. ಹೊರಗೆ ಬಂದ ಮೇಲೆ ಒಬ್ಬ ಹುಡುಗನನ್ನು ಕರೆದು, ಬೇಡಿಕೆಯ ಸ್ಥಿತಿಸ್ಥಾಪಕತ್ವವೆಂದರೇನೆಂದು ವಿಚಾರಿಸಿದೆವು. ವ್ಯಾಖ್ಯೆಯನ್ನು ಅವನು ತಪ್ಪಿಲ್ಲದೆ ಒಪ್ಪಿಸಿದನು. ಒಂದು ಉದಾಹರಣೆ ಹೇಳಪ್ಪಾ ಎಂದಾಗ ನೆಲ ನೋಡಿದನು. ಆತನ ತಂದೆ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನಂತೆ! ಬೆಲೆ ಏರಿದ ದಿನ ಗಿರಾಕಿಯು ಎರಡು ಕಿಲೋ ಕೊಳ್ಳುವಲ್ಲಿ ಅರ್ಧ ಕಿಲೋ ಕೊಂಡು ಹೋಗುವುದನ್ನೂ, ಉಪ್ಪಿನ ಬೆಲೆ ಏರಿದರೆ ಯಾರೂ ಉಪ್ಪು ಬಿಡದಿರುವುದನ್ನೂ ಆ ಹುಡುಗ ಚಿಕ್ಕಂದಿನಿಂದ ಕಂಡವನು. ಅವನು ಬಲ್ಲ ಸಂಗತಿಯನ್ನೇ ಅವನಿಗೆ ಅಪರಿಚಿತವಾದ ವೇಷದಲ್ಲಿ ನಾವು ಕಲಿಸುತ್ತಿದ್ದೇವೆ. ಅದು ತನ್ನ ಮನೆಯದೇ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಈ ಮೌನಕ್ಕೆ ಒಂದು ಚರಿತ್ರೆಯುಂಟು. ಕವಿರಾಜಮಾರ್ಗವು ಕನ್ನಡದ ತಿರುಳ ನಾಡಿನ ಎಲ್ಲೆಯನ್ನು ಹೇಳುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅಂಥ ನೆಲದ ಮಕ್ಕಳು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿ, ಕೊಪ್ಪಳ ಯಲಬುರ್ಗಾಗಳಲ್ಲಿಯಾದರೆ ಸಾಲಾರಜಂಗರ ಜಹಗೀರಿಯಲ್ಲಿ, ಉಚ್ಚ ಶಿಕ್ಷಣಕ್ಕೆ ಉರ್ದುವನ್ನೇ ಆಶ್ರಯಿಸಬೇಕಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮ ಅದೇ ಆಗಿದ್ದಿತು. ನ್ಯಾಯವಾಗಿ ಹೇಳಬೇಕಾದರೆ ಆ ವಿಶ್ವವಿದ್ಯಾಲಯವು ಒಂದು ದೊಡ್ಡ ಮಾತನ್ನು ಸಿದ್ಧಪಡಿಸಿ ತೋರಿಸಿತು: ವೈದ್ಯ, ವಿಜ್ಞಾನ, ಕಾಯಿದೆ ಮೊದಲಾದವನ್ನು ದೇಶಭಾಷೆಯಲ್ಲಿ ಕಲಿಸಬಹುದು. ಅದಕ್ಕಾಗಿ 1917ರಲ್ಲಿಯೇ ಅವರು ಭಾಷಾಂತರದ ಕಚೇರಿಯನ್ನು ತೆರೆದು ಗ್ರಂಥಗಳನ್ನು ಸಿದ್ಧಗೊಳಿಸಿದರು. ಆದರೆ ಆ ಭಾಷೆ ನಮ್ಮ ಹಳ್ಳಿಯ ಮಗುವಿನ ಭಾಷೆಯಾಗಿರಲಿಲ್ಲ. 1948ರ ತರುವಾಯ ಉರ್ದು ಹೋಯಿತು, ಆ ಪೀಠದ ಮೇಲೆ ಇಂಗ್ಲಿಷು ಬಂದು ಕುಳಿತಿತು. ಹೀಗೆ ಮಗುವಿಗೆ ಒಂದು ಪರಭಾಷೆ ಹೋಗಿ ಇನ್ನೊಂದು ಬಂದಿತೇ ಹೊರತು ಬಾಯಿ ಬರಲಿಲ್ಲ.

ಇಂದು ಕಲಾ ವಿಭಾಗದಲ್ಲಿ ಕನ್ನಡ ಮಾಧ್ಯಮವಿದೆ, ನಿಜ. ಆದರೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ವಿಜ್ಞಾನಕ್ಕೋ ವಾಣಿಜ್ಯಕ್ಕೋ ಸೇರಿದ ಹುಡುಗಿಯು ಮೊದಲ ದಿನವೇ ಮಾತು ಕಳೆದುಕೊಳ್ಳುತ್ತಾಳೆ. ತಪ್ಪು ಇಂಗ್ಲಿಷಿನಲ್ಲಿ ಕೇಳಿ ನಗೆಗೀಡಾಗುವುದಕ್ಕಿಂತ ಸುಮ್ಮನಿರುವುದೇ ಲೇಸೆಂದು ಅವಳು ನಿಶ್ಚಯಿಸುತ್ತಾಳೆ. ಆಕೆಯ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲಿಗಳಾಗಿದ್ದರೆ, ಸಂದೇಹವನ್ನು ಕೇಳಲು ಅಲ್ಲಿಯೂ ಯಾರಿಲ್ಲ. ಪರೀಕ್ಷೆಯಲ್ಲಿ ಒಂದೆರಡು ವಿಷಯ ಉಳಿದರೆ ಮನೆಯವರು ಓದು ಬಿಡಿಸಿ ಮದುವೆಯ ಮಾತೆತ್ತುವರು. ತರಗತಿಯ ಮೌನಕ್ಕೆ ತೆರುವ ಬೆಲೆ ಇಷ್ಟು ದೊಡ್ಡದೆಂಬುದನ್ನು ಅಧ್ಯಾಪಕ ಬಂಧುಗಳು ಮರೆಯಬಾರದು.

ಎಲ್ಲ ದೋಷವನ್ನೂ ಅಧ್ಯಾಪಕರ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಭಾರವನ್ನು ಬಹಳ ಮಟ್ಟಿಗೆ ಹೊತ್ತವರು ಅತಿಥಿ ಉಪನ್ಯಾಸಕರು. ವರ್ಷ ವರ್ಷವೂ ನೇಮಕ, ವರ್ಷ ವರ್ಷವೂ ಅನಿಶ್ಚಯ. ಮುಷ್ಕರದ ತರುವಾಯ 2022ರ ಜನವರಿಯಲ್ಲಿ ಅವರ ಗೌರವಧನ ಹೆಚ್ಚಿತು. ಆದರೆ ಒಬ್ಬೊಬ್ಬರ ಪಾಠದ ಹೊರೆಯನ್ನು ವಾರಕ್ಕೆ 15 ತಾಸಿಗೆ ಏರಿಸಿದ್ದರಿಂದ ಹಲವರು ಕೆಲಸವನ್ನೇ ಕಳೆದುಕೊಂಡರು. 2023ರ ಕೊನೆಗೆ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಇತ್ತ ಪಠ್ಯಕ್ರಮವೂ ಸ್ಥಿರವಾಗಿಲ್ಲ: 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಬರುವ ವರ್ಷ ತಾನಿರುವೆನೋ ಇಲ್ಲವೋ ಎಂದು ತಿಳಿಯದವನು ವಿದ್ಯಾರ್ಥಿಯ ಹೆಸರನ್ನು ನೆನಪಿಡಲೆಂದು ಅಪೇಕ್ಷಿಸುವುದು ಹೇಗೆ? ನಾಡು ಇದಕ್ಕೆ ಉತ್ತರ ಹೇಳತಕ್ಕದ್ದು.

ಆದರೂ ಸರಕಾರ ಸುಧಾರಿಸುವ ತನಕ ಕೈಕಟ್ಟಿ ಕುಳ್ಳಿರಬೇಕೇ? ಖರ್ಚಿಲ್ಲದೆ ನಾಳೆಯೇ ಆರಂಭಿಸಬಹುದಾದ ನಾಲ್ಕು ಮಾತುಗಳನ್ನು ಸೂಚಿಸುತ್ತೇವೆ.

ಮೊದಲನೆಯದು, ಬರೆಯಿಸುವುದನ್ನು ನಿಲ್ಲಿಸಿರಿ. ಟಿಪ್ಪಣಿ ಬೇಕಾದರೆ ಒಂದು ಪ್ರತಿ ಕೊಟ್ಟುಬಿಡಿರಿ, ಅಥವಾ ಮೊಬೈಲಿಗೆ ಕಳಿಸಿರಿ. ತರಗತಿಯ ತಾಸು ಮಾತಿಗೆ ಮೀಸಲಾಗಲಿ.

ಎರಡನೆಯದು, "ತಿಳೀತೇನು?" ಎಂಬ ಪ್ರಶ್ನೆಯನ್ನೇ ಬಿಡಿರಿ, ಅದಕ್ಕೆ "ಹೂಂ" ಎಂಬುದಲ್ಲದೆ ಬೇರೆ ಉತ್ತರವಿಲ್ಲ. ಅದರ ಬದಲು ಕೊನೆಯ ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ತಿಳಿಯದ ಒಂದು ಮಾತನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಕೊಡಲಿ. ಮರುದಿನದ ಪಾಠವು ಆ ಚೀಟಿಗಳಿಂದ ಆರಂಭವಾಗಲಿ. ಬಾಯಿಂದ ಕೇಳಲು ನಾಚುವ ಹುಡುಗಿ ಕೈಯಿಂದ ಕೇಳಿಯಾಳು. ತಿಂಗಳೆರಡು ಕಳೆದರೆ ಬಾಯಿಂದಲೂ ಕೇಳಿಯಾಳು.

ಮೂರನೆಯದು, ಪಾರಿಭಾಷಿಕ ಶಬ್ದ ಇಂಗ್ಲಿಷಿನಲ್ಲಿದ್ದರೂ ವಿವರಣೆ ಕನ್ನಡದಲ್ಲಿರಲಿ, ಉದಾಹರಣೆ ಈ ನೆಲದ್ದಾಗಿರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಅಣೆಕಟ್ಟಿನ 33 ತೂಬುಗಳಲ್ಲಿ 19ನೆಯದರ ಸರಪಳಿ ಕಡಿದು ತೂಬೇ ಕೊಚ್ಚಿಹೋಯಿತು. ಗಂಗಾವತಿಯ ಭತ್ತದ ಗದ್ದೆಗಳ ಒಡೆಯರು ಅಂದು ನಿದ್ದೆಗೆಟ್ಟರು. ನೀರಿನ ಒತ್ತಡ ಆಳದೊಡನೆ ಹೇಗೆ ಏರುವುದು, ಕಬ್ಬಿಣ ಹೇಗೆ ಸವೆಯುವುದು, ಒಂದು ಬೆಳೆ ಹೋದರೆ ಅಕ್ಕಿಯ ಗಿರಣಿಯ ಕೂಲಿಗೆ ಏನಾಗುವುದು: ಭೌತಶಾಸ್ತ್ರ, ರಸಾಯನಶಾಸ್ತ್ರ, ಅರ್ಥಶಾಸ್ತ್ರಗಳ ಮೂರು ಪಾಠ ಆ ಒಂದು ತೂಬಿನಲ್ಲಿವೆ. ಇತಿಹಾಸದವರಿಗೆ ಗವಿಮಠದ ಅಶೋಕನ ಶಾಸನವೂ ಹಿರೇಬೆಣಕಲ್ಲಿನ ಶಿಲಾಸಮಾಧಿಗಳೂ ಇಟಗಿಯ ಮಹಾದೇವ ದೇವಾಲಯವೂ ಒಂದು ದಿನದ ದಾರಿಯಲ್ಲಿವೆ.

ನಾಲ್ಕನೆಯದು, ತರಗತಿಯ ಹೊರಗೆ ಭೇಟಿಗೆ ಹೊತ್ತು ಗೊತ್ತುಮಾಡಿರಿ. ಸಂಜೆಯ ಬಸ್ಸು ತಪ್ಪಿದರೆ ಕುಷ್ಟಗಿ ಯಲಬುರ್ಗಾಗಳ ಹಳ್ಳಿಯ ಮಕ್ಕಳಿಗೆ ಮನೆಯಿಲ್ಲ. ಆದುದರಿಂದ ಅದು ಮಧ್ಯಾಹ್ನವೇ ಇರಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಕೊಂಡು ಕಟ್ಟಿದ ಕರ್ನಾಟಕ ಸಂಘದಿಂದಲೇ 'ಪ್ರಬುದ್ಧ ಕರ್ಣಾಟಕ' ಹೊರಟಿತು. ಆಗ ಕನ್ನಡಕ್ಕೆ ರಾಜ್ಯವೇ ಇರಲಿಲ್ಲ. ಗುರುಶಿಷ್ಯರು ಒಂದೆಡೆ ಕುಳಿತು ಮಾತಾಡಿದ್ದರ ಫಲ ಎಷ್ಟು ದೂರ ಹಬ್ಬಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಏಕೀಕರಣವಾದುದು 1956ರಲ್ಲಿ. ಕೊಪ್ಪಳ ಜಿಲ್ಲೆಯಾದುದು 1997ರಲ್ಲಿ. ಸಂವಿಧಾನದ 371ಜೆ ವಿಧಿಯು 2013ರಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70ರಷ್ಟು ಸ್ಥಾನ ಕೊಟ್ಟಿತು. ಕೊಪ್ಪಳಕ್ಕೆ ತನ್ನದೇ ವಿಶ್ವವಿದ್ಯಾಲಯವೂ ಬಂದಿತು. 2025ರಲ್ಲಿ ಅದನ್ನು ಮುಚ್ಚುವ ಮಾತೂ ಎದ್ದಿತು. ಸ್ಥಾನ, ಕಟ್ಟಡ, ಕಾಯಿದೆ ಇವೆಲ್ಲ ಹೋರಾಟದಿಂದ ದೊರೆಯುವ ವಸ್ತುಗಳು. ಅವನ್ನು ಉಳಿಸಿಕೊಳ್ಳಲೂ ಹೋರಾಡೋಣ. ಆದರೆ ಕುಳಿತ ಸ್ಥಾನದಿಂದ ಎದ್ದು ನಿಂತು "ಸರ್, ಇದು ನನಗ ತಿಳೀಲಿಲ್ಲ" ಎಂದು ಹೇಳುವ ಧೈರ್ಯವನ್ನು ಯಾವ ಕಾಯಿದೆಯೂ ಕೊಡಲಾರದು. ಅದನ್ನು ಕೊಡಬಲ್ಲವರು ಅಧ್ಯಾಪಕರೊಬ್ಬರೇ. ಆ ಮಾತನ್ನು ಕೇಳಿದ ದಿನ ಕೋಪಿಸಿಕೊಳ್ಳದೆ, "ಚಲೋ ಕೇಳಿದೆಯವ್ವಾ, ಕೂಡು, ಮತ್ತೊಮ್ಮೆ ನೋಡೋಣ" ಎಂದರೆ ಸಾಕು. ನಾಲ್ಕು ತಾಲೂಕುಗಳ ಮೌನ ಅಂದಿನಿಂದ ಒಡೆಯತೊಡಗುವುದೆಂದು ನಾವು ದೃಢವಾಗಿ ನಂಬಿದ್ದೇವೆ.