ಬಿತ್ತದೆ ಬೆಳೆಯುವ ಕಳೆ

ಭತ್ತ ಬೆಳೆಯಬೇಕಾದರೆ ಗದ್ದೆಯನ್ನು ಉಳಬೇಕು, ಬಿತ್ತಬೇಕು, ನೀರು ಹಾಯಿಸಬೇಕು. ಕಳೆಗೆ ಇದಾವುದೂ ಬೇಕಿಲ್ಲ. ರೈತ ನಾಲ್ಕು ದಿನ ಸುಮ್ಮನಿದ್ದರೆ ಸಾಕು. ಜ್ಞಾನ ಮತ್ತು ಅವಿವೇಕಗಳ ಸ್ಥಿತಿಯೂ ಹೀಗೆಯೇ. ಒಂದು ಮಗುವನ್ನು ವಿದ್ಯಾವಂತನನ್ನಾಗಿಸಲು ಶಾಲೆ, ಶಿಕ್ಷಕರು ಮತ್ತು ಹಲವು ವರ್ಷಗಳ ಸಹನೆ ಬೇಕು. ಒಂದು ಊರನ್ನೇ ಮೂರ್ಖರನ್ನಾಗಿಸಲು ಒಂದು ಗಾಳಿಮಾತು ಸಾಕು.

ಪೋಲಿಯೋ ಹನಿಯ ಇತಿಹಾಸವನ್ನೇ ನೋಡಿ. ಆ ಹನಿ ಹಾಕಿಸಿಕೊಂಡ ಮಕ್ಕಳು ಮುಂದೆ ಸಂತಾನಹೀನರಾಗುತ್ತಾರೆ, ಇದು ಮುಸ್ಲಿಮರ ಸಂಖ್ಯೆ ಕುಗ್ಗಿಸುವ ಸಂಚು ಎಂಬ ವದಂತಿ ಈ ಶತಮಾನದ ಆರಂಭದಲ್ಲಿ ಪಶ್ಚಿಮ ಉತ್ತರ ಪ್ರದೇಶದ ಮೊಹಲ್ಲಾಗಳಲ್ಲಿ ಹಬ್ಬಿತು. ಪುರಾವೆ ಎಲ್ಲಿದೆ ಎಂದು ಕೇಳಿದವರು ವಿರಳ. 2002ರಲ್ಲಿ ದೇಶದಲ್ಲಿ ಸುಮಾರು 1600 ಮಕ್ಕಳು ಪೋಲಿಯೋಗೆ ತುತ್ತಾದರು. ಹೆಚ್ಚಿನವರು ಉತ್ತರ ಪ್ರದೇಶದವರು. ಅವರಲ್ಲಿ ಮುಸ್ಲಿಮ್ ಮಕ್ಕಳ ಪಾಲು ಜನಸಂಖ್ಯೆಯ ಪಾಲಿಗಿಂತ ಬಹಳ ಅಧಿಕವಾಗಿತ್ತು. ವದಂತಿ ಹಬ್ಬಿಸಿದವರ ಕಾಲುಗಳಿಗೆ ಏನೂ ಆಗಲಿಲ್ಲ. ಕುಂಟಾದದ್ದು ಏನೂ ಅರಿಯದ ಕಂದಮ್ಮಗಳು.

2003ರಲ್ಲಿ ನೈಜೀರಿಯಾದ ಕಾನೋ ರಾಜ್ಯದಲ್ಲಿ ಇದೇ ವದಂತಿಯಿಂದ ಪೋಲಿಯೋ ಲಸಿಕೆಯನ್ನೇ ತಡೆಹಿಡಿಯಲಾಯಿತು. ಮುಸ್ಲಿಮ್ ಬಾಹುಳ್ಯದ ಇಂಡೋನೇಶಿಯಾದಿಂದ ಲಸಿಕೆ ತರಿಸಿದ ಬಳಿಕವೇ 2004ರಲ್ಲಿ ಅದು ಪುನರಾರಂಭವಾಯಿತು. ಅಷ್ಟರಲ್ಲಿ ಆ ರೋಗಾಣು ಗಡಿ ದಾಟಿ, ಕಾಲಕ್ರಮೇಣ ಸುಮಾರು 20 ದೇಶಗಳನ್ನು ತಲುಪಿತು. 2005ರಲ್ಲಿ ಲಸಿಕೆ ಕೊಟ್ಟ ಇಂಡೋನೇಶಿಯಾದ ಸುಮಾರು 300 ಮಕ್ಕಳೇ ಅದಕ್ಕೆ ಬಲಿಪಶುಗಳಾದರು.

ಹಾಗಾದರೆ ತಪ್ಪು ಕೇವಲ ಜನರದ್ದೇ? ಅಲ್ಲ. ಕಳೆಗೆ ಬಿತ್ತನೆ ಬೇಡವಾದರೂ ಮಣ್ಣು ಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕಂಡ ಜನರ ನೆನಪು ಅಷ್ಟು ಬೇಗ ಅಳಿಯುವಂಥದ್ದಲ್ಲ. ಚರಂಡಿಯಿಲ್ಲದ, ಶುದ್ಧ ನೀರಿಲ್ಲದ, ವೈದ್ಯರ ಮುಖವನ್ನೇ ಕಾಣದ ಕೇರಿಗೆ ಸರಕಾರವು ಕೇವಲ ಎರಡು ಹನಿಯೊಂದಿಗೆ ಪದೇ ಪದೇ ಬಂದರೆ ಸಂಶಯ ಹುಟ್ಟುವುದು ಸಹಜ. ಆದರೆ ಸಂಶಯಪಡುವುದು ಬೇರೆ, ವಿಚಾರಿಸದೆ ತೀರ್ಮಾನಿಸುವುದು ಬೇರೆ. ಮೊದಲನೆಯದು ಎಚ್ಚರ, ಎರಡನೆಯದು ಅವಿವೇಕ.

ಈ ಕಳೆಯನ್ನು ಕಿತ್ತದ್ದು ಪೊಲೀಸರಲ್ಲ, ಕಾನೂನೂ ಅಲ್ಲ. ಉಲೆಮಾಗಳು ಮನವಿ ಹೊರಡಿಸಿದರು. ಮಸೀದಿಯ ಧ್ವನಿವರ್ಧಕದಲ್ಲಿ ಲಸಿಕೆಯ ದಿನ ಘೋಷಣೆಯಾಯಿತು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ ಮತ್ತು ಜಾಮಿಯಾ ಮಿಲ್ಲಿಯಾ ಕೈಜೋಡಿಸಿದವು. ಅದೇ ಮೊಹಲ್ಲಾದ ಮಹಿಳೆಯರು ಮನೆಯಿಂದ ಮನೆಗೆ ನಡೆದು ತಾಯಂದಿರೊಡನೆ ಮಾತನಾಡಿದರು. 2011ರ ಜನವರಿ 13ರ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಾಣುವಿನ ಒಂದು ಪ್ರಕರಣವೂ ಕಾಣಿಸಲಿಲ್ಲ. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತವೆಂದು ದೃಢೀಕರಣಗೊಂಡಿತು.

ಆದರೆ ಕಿತ್ತ ಕಳೆ ಮತ್ತೆ ಚಿಗುರುತ್ತದೆ. ಸಾಕ್ಷರತೆಗೆ ಹೆಸರಾದ ಕೇರಳದ ಮಲಪ್ಪುರಂನಲ್ಲೇ 2016ರಲ್ಲಿ ಲಸಿಕೆಯಿಂದ ತಡೆಯಬಹುದಾಗಿದ್ದ ಗಂಟಲುಮಾರಿ ಮಕ್ಕಳ ಪ್ರಾಣ ತೆಗೆಯಿತು. ಅಕ್ಷರ ಬಲ್ಲವರೆಲ್ಲ ವಿವೇಕಿಗಳಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಇಂದು ವದಂತಿ ಬೀದಿ ಸುತ್ತಬೇಕಾಗಿಲ್ಲ. ಅದು ನಮ್ಮ ಜೇಬಿನಲ್ಲೇ ಇದೆ, ಸಲಾಮ್ ಹೇಳಿ ಒಳಬರುತ್ತದೆ, ಹತ್ತು ಮಂದಿಗೆ ಕಳುಹಿಸಿದರೆ ಪುಣ್ಯವೆಂದೂ ಹೇಳುತ್ತದೆ.

ಸುದ್ದಿ ಬಂದಾಗ ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಇತರರಿಗೆ ಹಾನಿ ಮಾಡಿ ಪಶ್ಚಾತ್ತಾಪಪಡುವಿರಿ ಎಂಬುದು ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ ಸ್ಪಷ್ಟ ಬೋಧನೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಈ ಬೋಧನೆಯನ್ನು ಖುತ್ಬಾದಲ್ಲಿ ಕೇಳಿ, ಮಸೀದಿಯ ಮೆಟ್ಟಿಲಿಳಿಯುತ್ತಲೇ ಮರೆಯುವ ಸಮುದಾಯ ಯಾರನ್ನು ದೂರಬೇಕು?

ಅವಿವೇಕ ಶ್ರಮವಿಲ್ಲದೆ ಬೆಳೆಯುತ್ತದೆ, ನಿಜ. ಆದರೆ ಅದು ಬೆಳೆಯುವುದು ತಿಳಿದವರ ಮೌನದ ನೆರಳಿನಲ್ಲಿ. ಪ್ರತಿ ಜಮಾಅತ್‌ನಲ್ಲಿಯೂ ಒಬ್ಬ ವೈದ್ಯ, ಒಬ್ಬ ಶಿಕ್ಷಕಿ, ಒಬ್ಬ ಖತೀಬರು ಬಾಯಿ ತೆರೆದರೆ ಎಷ್ಟೋ ಮಕ್ಕಳ ಬದುಕು ಉಳಿದೀತು. ಸುಮ್ಮನಿದ್ದ ರೈತ ಕಳೆಯನ್ನು ಶಪಿಸಿ ಫಲವಿಲ್ಲ.