ನೆಟ್ಟವರು, ಸಾಕಿದವರು

೨೦೦೩ನೇ ಜೂನ್ ೨೪ರಂದು ನಮ್ಮ ನೀಲಗಿರಿಯಲ್ಲಿ ಸ್ವಯಂಸೇವಕರು ಒಂದೇ ದಿನ ೪೨,೧೮೨ ಸಸಿಗಳನ್ನು ನೆಟ್ಟರು. ಅದು ಗಿನ್ನೆಸ್ ದಾಖಲೆಯಾಯಿತು. ಸಂತೋಷವೇ. ಆದರೆ ನೆಡುವುದು ಒಂದು ದಿನದ ಕೆಲಸ, ಸಾಕುವುದು ವರ್ಷಗಳ ಕೆಲಸವೆಂದು ಒಕ್ಕಲು ಮಕ್ಕಳಾದ ನಾವು ಬಲ್ಲೆವು. ಬೇಸಗೆಯಲ್ಲಿ ನೀರು ಹೊತ್ತವರ, ದನ ನುಗ್ಗದಂತೆ ಬೇಲಿ ಕಟ್ಟಿದವರ ಲೆಕ್ಕವಿಡುವವರು ಯಾರು?

ಶಾಲೆಯಲ್ಲಿ ನಾವೂ ಇದೇ ತಪ್ಪು ಮಾಡಿದ್ದೇವೆ. ವನಮಹೋತ್ಸವದ ದಿನ ಸಸಿ ನೆಟ್ಟವರಿಗೆ ಬಹುಮಾನ ಕೊಟ್ಟೆವು. ರಜೆಯಲ್ಲೆಲ್ಲ ಬಂದು ನೀರೆರೆದ ಹುಡುಗಿಯನ್ನು ಮರೆತೆವು.

ಸೋಲೂರಿನ ಹಿರಿಯರಲ್ಲಿ ನಮ್ಮ ಅರಿಕೆ ಇಷ್ಟೇ: ನೆಟ್ಟ ದಿನವೇ ಹಾರ ಬೇಡ. ಮೂರು ವರ್ಷ ಕಳೆಯಲಿ. ಉಳಿದ ಗಿಡಗಳನ್ನು ಎಣಿಸಿ, ಸಾಕಿದ ತರುಣ ತರುಣಿಯರ ಹೆಸರನ್ನು ಊರ ಕೂಟದಲ್ಲಿ ಓದಿ ಹೇಳೋಣ. ಮುಂದಿನ ಕೆಲಸದ ಹೊಣೆಯನ್ನೂ ಅವರಿಗೇ ಒಪ್ಪಿಸೋಣ.