ತಂದೆ ಮಕ್ಕಳ ಕುರ್ಚಿ ಕಾರಖಾನೆ

ಮುಂಬಯಿಯ ಹಳೆಯ ಇರಾನಿ ಚಹದಂಗಡಿಗಳನ್ನು ಹೊಕ್ಕ ವಾಚಕರು ಅಲ್ಲಿ ಬಿಲ್ಲಿನಂತೆ ಬಾಗಿದ ಮರದ ಬೆನ್ನುಳ್ಳ ಕುರ್ಚಿಗಳನ್ನು ನೋಡಿರಬಹುದು. ಈ ಜಾತಿಯ ಕುರ್ಚಿಗಳಿಗೆ ಮೂಲಪುರುಷನೆನಿಸಿದವನು ಮಿಖಾಯೆಲ್ ಥೋನೆಟ್ ಎಂಬ ಜರ್ಮನ್ ಬಡಗಿ. ಆತನ ಚರಿತ್ರೆಯು ಗೃಹಸ್ಥರು ಮನನಮಾಡತಕ್ಕುದಾಗಿರುವುದರಿಂದ ಅದನ್ನು ಸಂಗ್ರಹವಾಗಿ ಇಲ್ಲಿ ನಿವೇದಿಸುತ್ತೇವೆ.

ಥೋನೆಟನು 1796ನೆಯ ಇಸವಿಯಲ್ಲಿ ರೈನ್ ನದೀತೀರದ ಬೊಪ್ಪಾರ್ಡ್ ಎಂಬ ಊರಿನಲ್ಲಿ, ಚರ್ಮ ಹದಮಾಡುವವನೊಬ್ಬನ ಮಗನಾಗಿ ಹುಟ್ಟಿದನು. 1819ರಲ್ಲಿ ಸ್ವಂತ ಮರಗೆಲಸದ ಅಂಗಡಿಯನ್ನು ತೆರೆದನು. ಬಾಗಿದ ಅಂಗವನ್ನು ದಪ್ಪ ಮರದಿಂದ ಕೆತ್ತಿ ತೆಗೆದರೆ ಮರವೂ ಶ್ರಮವೂ ವ್ಯರ್ಥ. ಎಳೆ ಕಡಿದುಹೋಗಿ ಬಲವೂ ಕುಗ್ಗುವುದು. ಆದುದರಿಂದ ಆತನು 1830ರ ಸುಮಾರಿಗೆ ತೆಳ್ಳನೆಯ ಮರದ ಪಟ್ಟಿಗಳನ್ನು ಸರೇಸಿನಿಂದ ಕೂಡಿಸಿ, ಅಚ್ಚಿನಲ್ಲಿಟ್ಟು ಬಾಗಿಸುವ ಪ್ರಯೋಗಕ್ಕೆ ತೊಡಗಿದನು. 1841ರಲ್ಲಿ ಕೊಬ್ಲೆಂಟ್ಸ್ ನಗರದ ಪ್ರದರ್ಶನದಲ್ಲಿ ಈ ಸಾಮಾನುಗಳನ್ನು ಕಂಡ ಆಸ್ಟ್ರಿಯದ ಮಂತ್ರಿ ಮೆಟರ್‌ನಿಕ್ಕನು ಆತನನ್ನು ವಿಯೆನ್ನಾಕ್ಕೆ ಬರಹೇಳಿದನು.

1842ರಲ್ಲಿ ವಿಯೆನ್ನಾದಲ್ಲಿ ಪೇಟೆಂಟು ದೊರೆಯಿತು. ಆದರೆ ಪರದೇಶಗಳ ಪೇಟೆಂಟುಗಳಿಗಾಗಿ ಮಾಡಿದ್ದ ಸಾಲವು ತಲೆಯ ಮೇಲಿತ್ತು. ಸಾಲಗಾರರು ಬೊಪ್ಪಾರ್ಡಿನ ಆಸ್ತಿಯನ್ನು ಜಪ್ತಿಮಾಡಿದರು. ಹೆಂಡತಿ ಮಕ್ಕಳು ಬರಿಗೈಯಲ್ಲಿ ವಿಯೆನ್ನಾಕ್ಕೆ ಬಂದು ಸೇರಿದರು. ಆಗ ಆತನಿಗೆ 46 ವರ್ಷ. ಸ್ವಂತ ಅಂಗಡಿಯ ಯಜಮಾನನಾಗಿದ್ದವನು ಬೆಳೆದ ಗಂಡುಮಕ್ಕಳೊಡನೆ ಪರರ ಕಾರಖಾನೆಯಲ್ಲಿ ದುಡಿದನು. ಲೀಖ್ಟೆನ್‌ಸ್ಟೈನ್ ಅರಮನೆಯ ಮರಗೆಲಸದಲ್ಲಿಯೂ ಈ ಕುಟುಂಬದ ಕೈಯಿದೆ. 1849ರಲ್ಲಿ ಪುನಃ ಸ್ವಂತ ಅಂಗಡಿಯನ್ನು ಹೂಡಿದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಂಚಿನ ಪದಕವು ಲಭಿಸಿತು.

ಆ ಬಳಿಕ ಆತನು ಮಾಡಿದ ಕಾರ್ಯವೇ ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದುದು. 1853ರಲ್ಲಿ, ಉದ್ಯಮವು ಏರುಗತಿಯಲ್ಲಿರುವಾಗಲೇ, ಅದನ್ನು ತನ್ನ ಐವರು ಗಂಡುಮಕ್ಕಳ ಹೆಸರಿಗೆ ಮಾಡಿಕೊಟ್ಟನು. ಅಂಗಡಿಗೆ 'ಥೋನೆಟ್ ಸಹೋದರರು' ಎಂದೇ ನಾಮಕರಣವಾಯಿತು. ತಾನು ಮಾತ್ರ ಕೆಲಸವನ್ನು ಬಿಡಲಿಲ್ಲ. 1856ರಲ್ಲಿ ಇಡಿಯ ಮರವನ್ನೇ ಬಾಗಿಸುವ ವಿಧಾನಕ್ಕೆ ಪೇಟೆಂಟು ಪಡೆದರು. ಉಗಿಯಲ್ಲಿ ಮೆದುವಾದ ಮರವನ್ನು ಬಾಗಿಸುವಾಗ ಹೊರಮೈ ಹಿಗ್ಗಿ ಸೀಳುವುದಷ್ಟೆ. ಅಲ್ಲಿ ಲೋಹದ ಪಟ್ಟಿಯೊಂದನ್ನು ಬಿಗಿದರೆ ಮರವು ಹಿಗ್ಗದೆ, ಒಳಮೈಯೇ ಕುಗ್ಗಿ ಬಾಗುವುದು. ಬೀಚ್ ಮರದ ಕಾಡುಗಳ ನಡುವೆ, ಮೊರೇವಿಯದ ಕೊರಿಚಾನ್‌ನಲ್ಲಿ ಕಾರಖಾನೆಯೆದ್ದಿತು.

1859ರಲ್ಲಿ ಬಂದ ಅವರ 14ನೆಯ ನಮೂನೆಯ ಕುರ್ಚಿಗೆ ಬೇಕಾದುದು 6 ಮರದ ತುಂಡುಗಳು, 10 ತಿರುಪುಗಳು, 2 ನಟ್ಟುಗಳು. ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದುವು; ಹಡಗಿನ ಬಾಡಿಗೆ ತಗ್ಗಿ ಅವು ದೂರದೇಶಗಳಿಗೂ ಹೋದುವು.

1869ರಲ್ಲಿ ಪೇಟೆಂಟಿನ ಅವಧಿ ತೀರಲು ಪ್ರತಿಸ್ಪರ್ಧಿಗಳು ಹುಟ್ಟಿಕೊಂಡರು. 1871ರಲ್ಲಿ ಥೋನೆಟನು ಕಾಲವಾದನು. ಆದರೂ ಮನೆತನದ ಉದ್ಯಮವು ಕುಸಿಯಲಿಲ್ಲ. 1930ರ ಹೊತ್ತಿಗೆ ಆ ನಮೂನೆಯ ಕುರ್ಚಿಗಳು ಸುಮಾರು 5 ಕೋಟಿ ತಯಾರಾಗಿದ್ದುವು. ಸನ್ನದು ಕಾಯದುದನ್ನು ಮಕ್ಕಳು ಕಲಿತಿದ್ದ ವಿದ್ಯೆಯು ಕಾಯಿತು.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಿರಿಯರು ಲೆಕ್ಕದ ಪುಸ್ತಕವನ್ನೂ ಬೀಗದ ಕೈಯನ್ನೂ ಕಡೆಯ ದಿನದವರೆಗೆ ತಲೆದಿಂಬಿನಡಿಯಲ್ಲಿಯೇ ಇಟ್ಟುಕೊಳ್ಳುತ್ತಾರೆ. ಅವರು ಕಣ್ಮುಚ್ಚಿದ ಮೇಲೆ ಮಕ್ಕಳು ಕತ್ತಲೆಯಲ್ಲಿ ತಡಕಾಡುತ್ತಾರೆ. ಕೈಯಲ್ಲಿ ಶಕ್ತಿಯಿರುವಾಗಲೇ ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ವ್ಯವಹಾರದ ಒಳಗುಟ್ಟನ್ನು ತಿಳಿಸಿಕೊಡುವುದು ಲೇಸಲ್ಲವೇ? ವಾಚಕ ಮಹಾಶಯರು ವಿಚಾರಮಾಡಬೇಕು.